ಬಾವುಟದ ಮೇಲಿನ ಸೂರ್ಯ ಯಾರ ಸ್ವತ್ತು?

ದೊಡ್ಡಪ್ಪ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು. ಅವರ ತಮ್ಮನ ಮಗಳು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರದಲ್ಲಿ ನೆಲೆಸಿದ್ದಾಳೆ. ರಜೆಗೆ ಬಂದಾಗ ಇಬ್ಬರೂ ಕೂತರೆ ಮಾತಿಗೆ ಬರವಿಲ್ಲ. ಈ ಸಲ ಮಾತು ಆ ರಾಜ್ಯದ ಬಾವುಟದ ಸುತ್ತ ತಿರುಗಿತು. ಹಳದಿ ಬಟ್ಟೆ, ನಡುವೆ ಕೆಂಪು ಸೂರ್ಯ. ಸೂರ್ಯ ಎಂದರೆ ಒಂದು ಉಂಗುರ, ಅದರಿಂದ ನಾಲ್ಕು ದಿಕ್ಕಿಗೂ ಹೊರಟ ನಾಲ್ಕು ನಾಲ್ಕು ಗೆರೆ. ಅಷ್ಟೇ ಇರುವುದು.

ಮಗಳು: ಮೊದಲ ಸಲ ಕಂಡಾಗ ನಮ್ಮ ಕನ್ನಡದ ಬಾವುಟವೇ ಇಲ್ಲಿಗೆ ಬಂತೇ ಅನ್ನಿಸಿತು, ದೊಡ್ಡಪ್ಪ. ಅದೇ ಹಳದಿ, ಅದೇ ಕೆಂಪು. ಅಮೆರಿಕದ ಎಷ್ಟೋ ರಾಜ್ಯಗಳದ್ದು ನೀಲಿ ಬಟ್ಟೆ, ಮಧ್ಯದಲ್ಲಿ ಸರ್ಕಾರಿ ಮುದ್ರೆ. ಒಂದರ ಪಕ್ಕ ಒಂದಿಟ್ಟರೆ ಅಲ್ಲಿಯವರಿಗೇ ಗುರುತು ಸಿಗುವುದಿಲ್ಲ. ಇದು ಹಾಗಲ್ಲ. 2001ರಲ್ಲಿ ಉತ್ತರ ಅಮೆರಿಕದ ಧ್ವಜ ಅಧ್ಯಯನ ಸಂಘದವರು ಅಮೆರಿಕ, ಕೆನಡಾ ಎರಡೂ ಕಡೆಯ 72 ಬಾವುಟಗಳನ್ನು ಮುಂದಿಟ್ಟು ಜನರನ್ನು ಕೇಳಿದಾಗ ಮೊದಲ ಸ್ಥಾನ ಬಂದದ್ದು ಇದಕ್ಕೇ.

ದೊಡ್ಡಪ್ಪ: ಚೆಂದವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆ ಸೂರ್ಯ ಬಂದದ್ದು ಎಲ್ಲಿಂದ, ಅದನ್ನು ಹೇಳು.

ಮಗಳು: ಜಿಯಾ ಅಂತ ಒಂದು ಹಳ್ಳಿ. ಆಲ್ಬುಕರ್ಕಿಯಿಂದ ವಾಯವ್ಯಕ್ಕೆ ಐವತ್ತೈದು ಅರವತ್ತು ಕಿಲೋಮೀಟರ್. ಹೆಮೆಸ್ ಅನ್ನುವ ಸಣ್ಣ ಹೊಳೆಯ ದಂಡೆಯ ದಿಬ್ಬದ ಮೇಲೆ ಮಣ್ಣಿನ ಮನೆಗಳು. ಅಂಥ ಮೂಲನಿವಾಸಿ ಊರುಗಳನ್ನು ಅಲ್ಲಿ ಪ್ಯೂಬ್ಲೊ ಅಂತಾರೆ. ರಾಜ್ಯದಲ್ಲಿ 19 ಪ್ಯೂಬ್ಲೊಗಳಿವೆ. ನವಾಹೊ, ಅಪಾಚೆ ಜನ ಬೇರೆ. ಜಿಯಾದವರಿಗೆ ಸೂರ್ಯ ಪೂಜೆಯ ಚಿಹ್ನೆ, ನಾಲ್ಕು ಪವಿತ್ರ ಸಂಖ್ಯೆ. ನಾಲ್ಕು ದಿಕ್ಕು, ನಾಲ್ಕು ಋತು, ದಿನದ ನಾಲ್ಕು ಹೊತ್ತು, ಆಯುಷ್ಯದ ನಾಲ್ಕು ಘಟ್ಟ. ಇವೆಲ್ಲವನ್ನೂ ಸುತ್ತಿ ಹಿಡಿದಿರುವುದು ಆ ಉಂಗುರ. ಜಿಯಾದ ಹಳೆಯ ನೀರಿನ ಮಡಕೆಯೊಂದರ ಮೇಲೆ ಅದು ಬರೆದಿತ್ತು. ಮಡಕೆ ಸಾಂಟಾ ಫೆ ನಗರದ ವಸ್ತುಸಂಗ್ರಹಾಲಯದಲ್ಲಿತ್ತು. 1920ರ ದಶಕದಲ್ಲಿ ಮಹಿಳಾ ಸಂಘವೊಂದು ಬಾವುಟಕ್ಕಾಗಿ ಸ್ಪರ್ಧೆ ಏರ್ಪಡಿಸಿದಾಗ ಹ್ಯಾರಿ ಮೆರಾ ಅನ್ನುವ ವೈದ್ಯರು, ಪುರಾತತ್ವದ ಹುಚ್ಚು ಹತ್ತಿಸಿಕೊಂಡವರು, ಆ ಮಡಕೆಯ ಸೂರ್ಯನನ್ನು ಎತ್ತಿ ಬರೆದರು. ಅವರ ಹೆಂಡತಿ ಬಟ್ಟೆಯಲ್ಲಿ ಹೊಲಿದುಕೊಟ್ಟರು. 1925ರಲ್ಲಿ ರಾಜ್ಯದ ಶಾಸನಸಭೆ ಒಪ್ಪಿಕೊಂಡಿತು.

ದೊಡ್ಡಪ್ಪ: ಇಷ್ಟು ಜನರ ಹೆಸರು ಬಂತು. ವೈದ್ಯರು ಬಂದರು, ಅವರ ಹೆಂಡತಿ ಬಂದರು, ಸಂಘ ಬಂತು, ಶಾಸನಸಭೆ ಬಂತು. ಜಿಯಾದವರನ್ನು ಕೇಳಿದವರು ಯಾರು?

ಮಗಳು: ಯಾರೂ ಇಲ್ಲ.

ದೊಡ್ಡಪ್ಪ: ಮಡಕೆ ಸಂಗ್ರಹಾಲಯಕ್ಕೆ ಹೋದದ್ದು ಹೇಗೆ?

ಮಗಳು: ಅದು ಪೂಜೆಯ ಮಡಕೆ, ಊರು ಬಿಟ್ಟು ಹೋಗಲೇಬಾರದಿತ್ತು ಅಂತ ಜಿಯಾದವರು ಹೇಳುತ್ತಾರೆ. 2000ದಲ್ಲಿ ಅದು ಅವರಿಗೆ ವಾಪಸ್ಸು ಬಂತು. ಆದರೆ ದೊಡ್ಡಪ್ಪ, ಆ ಕಾಲವನ್ನೂ ನೋಡಿ. ಅಮೆರಿಕದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಬೋರ್ಡಿಂಗ್ ಶಾಲೆಗೆ ಹಾಕಿ ಭಾಷೆ ಮರೆಸುತ್ತಿದ್ದ ದಿನಗಳು ಅವು. ಆಗ ಒಂದು ರಾಜ್ಯ ತನ್ನ ಬಾವುಟದ ನಟ್ಟನಡುವೆ ಮೂಲನಿವಾಸಿಗಳ ಚಿಹ್ನೆಯನ್ನು ಇಟ್ಟಿತು. ಅದಕ್ಕೂ ಮುಂಚೆ ಇದ್ದ ಬಾವುಟದಲ್ಲಿ ಒಂದು ಮೂಲೆಗೆ ಅಮೆರಿಕದ ಧ್ವಜ, ಇನ್ನೊಂದು ಮೂಲೆಗೆ ಸರ್ಕಾರಿ ಮುದ್ರೆ. ಅದರಿಂದ ಇದಕ್ಕೆ ಬಂದದ್ದು ಸಣ್ಣ ಹೆಜ್ಜೆಯೇ?

ದೊಡ್ಡಪ್ಪ: ಬಾವುಟ ಬಂದದ್ದು 1925ರಲ್ಲಿ ಅಂದೆ. ಆ ವರ್ಷ ಜಿಯಾದವರು ನ್ಯೂ ಮೆಕ್ಸಿಕೊದಲ್ಲಿ ಓಟು ಹಾಕಬಹುದಿತ್ತೇ?

ಮಗಳು: ಇಲ್ಲ.

ದೊಡ್ಡಪ್ಪ: ಇಲ್ಲ ತಾನೇ. 1924ರಲ್ಲಿ ಅಮೆರಿಕದ ಕಾಂಗ್ರೆಸ್ಸು ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಕೊಟ್ಟಿತು. ನಿನ್ನ ನ್ಯೂ ಮೆಕ್ಸಿಕೊದ ಸಂವಿಧಾನ, ತೆರಿಗೆ ಕೊಡದ ಇಂಡಿಯನ್ನರಿಗೆ ಓಟಿಲ್ಲ ಅಂದಿತ್ತು. ಇಸ್ಲೆಟಾ ಪ್ಯೂಬ್ಲೊದ ಮಿಗೆಲ್ ಟ್ರುಹಿಯೊ, ಮೇಷ್ಟ್ರು, ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದವರು, ಹೆಸರು ನೋಂದಾಯಿಸಲು ಹೋಗಿ ವಾಪಸ್ಸಾದರು, ಕೋರ್ಟಿಗೆ ಹೋದರು, 1948ರಲ್ಲಿ ಗೆದ್ದರು. ಅಂದರೆ ಜಿಯಾದವರ ಸೂರ್ಯ ಶಾಸನಸಭೆಯ ಮೇಲೆ ಹಾರಲು ಶುರುವಾಗಿ 23 ವರ್ಷ ಅವರಿಗೆ ಆ ಸಭೆಗೆ ಒಬ್ಬರನ್ನು ಆರಿಸುವ ಹಕ್ಕಿರಲಿಲ್ಲ. ಇದನ್ನು ಗೌರವ ಅನ್ನಬೇಕೇ?

ಮಗಳು: ಅನ್ಯಾಯ ಅಂತಲೇ ಅನ್ನಬೇಕು. ಆದರೆ ಅನ್ಯಾಯ ಮಾಡಿದ್ದು ಸಂವಿಧಾನದ ಆ ಸಾಲು, ಬಾವುಟವಲ್ಲ. ಸಾಲು ಹೋಯಿತು, ಬಾವುಟ ಉಳಿಯಿತು. ಉಳಿದದ್ದರಲ್ಲಿ ಈಗ ಏನು ಅರ್ಥ ತುಂಬಿದೆ ಅನ್ನುವುದನ್ನು ನೋಡಬೇಡವೇ? ಬಾವುಟಕ್ಕೆ ಸಲ್ಲಿಸುವ ವಂದನೆಯ ಮಾತು ಒಂದಿದೆ, ಅಲ್ಲಿಯ ಶಾಲೆಯ ಮಕ್ಕಳಿಗೆ ಗೊತ್ತು. ಅದರಲ್ಲಿ ಜಿಯಾ ಅನ್ನುವ ಹೆಸರು ಇದೆ; ಒಂದಾದ ಸಂಸ್ಕೃತಿಗಳ ನಡುವಿನ ಸ್ನೇಹದ ಗುರುತು ಅಂತ ಇದೆ. ಸಾವಿರ ಜನರ ಆಸುಪಾಸಿನ ಒಂದು ಊರಿನ ಹೆಸರನ್ನು 21 ಲಕ್ಷ ಜನರ ರಾಜ್ಯ ತನ್ನ ವಂದನೆಯಲ್ಲಿ ಸೇರಿಸಿಕೊಂಡಿದೆ.

ದೊಡ್ಡಪ್ಪ: 21 ಲಕ್ಷವೇ? ರಾಜ್ಯ ದೊಡ್ಡದು ಅಂತಿದ್ದೆ.

ಮಗಳು: ನೆಲ ದೊಡ್ಡದು. ವಿಸ್ತೀರ್ಣದಲ್ಲಿ ಅಮೆರಿಕದ ಐದನೆಯ ರಾಜ್ಯ. ಸುಮಾರು 3 ಲಕ್ಷ 15 ಸಾವಿರ ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಒಂದೂವರೆ ಪಟ್ಟಿಗೂ ಹೆಚ್ಚು. ಜನ ಮಾತ್ರ ಬೆಂಗಳೂರಿನ ಒಂದು ಮೂಲೆಯಷ್ಟು. ಗಂಟೆಗಟ್ಟಲೆ ಕಾರು ಓಡಿಸಿದರೂ ಒಂದು ಊರು ಸಿಗದ ದಾರಿಗಳಿವೆ. ರಾಜಧಾನಿ ಸಾಂಟಾ ಫೆ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರ. ಅಮೆರಿಕದ ರಾಜಧಾನಿಗಳಲ್ಲೆಲ್ಲ ಅತಿ ಎತ್ತರದ್ದು, ಅತಿ ಹಳೆಯದು ಕೂಡ. 1610ರ ಸುಮಾರಿಗೆ ಸ್ಪೇನಿನವರು ಕಟ್ಟಿದ್ದು.

ದೊಡ್ಡಪ್ಪ: ಸ್ಪೇನಿನ ಮಾತು ನೀನೇ ಎತ್ತಿದೆ, ಒಳ್ಳೆಯದಾಯಿತು. ಬಾವುಟದ ಹಳದಿ, ಕೆಂಪು ಯಾರವು?

ಮಗಳು: ಸ್ಪೇನಿನವು. ಇಸಬೆಲ್ಲಾ ರಾಣಿಯ ಬಣ್ಣಗಳು ಅಂತಾರೆ.

ದೊಡ್ಡಪ್ಪ: ಹಾಗಾದರೆ ಈಗ ನಾನು ಹೇಳುವುದನ್ನು ಕೇಳು. 1598ರಲ್ಲಿ ಹ್ವಾನ್ ದೆ ಒನ್ಯಾತೆ ಸೈನಿಕರನ್ನೂ ವಲಸಿಗರನ್ನೂ ಕರೆದುಕೊಂಡು ಅಲ್ಲಿಗೆ ಬಂದ. ಮಾರನೆಯ ವರ್ಷ ಆಕೋಮಾ ಅನ್ನುವ ಪ್ಯೂಬ್ಲೊದ ಮೇಲೆ ಬಿದ್ದು ನೂರಾರು ಜನರನ್ನು ಕೊಲ್ಲಿಸಿದ. ಸೆರೆ ಸಿಕ್ಕವರಲ್ಲಿ 25 ವರ್ಷ ಮೀರಿದ ಗಂಡಸರ ಒಂದೊಂದು ಪಾದ ಕತ್ತರಿಸಬೇಕು ಅಂತ ಶಿಕ್ಷೆ ಬರೆಸಿದ. ಎಂಬತ್ತು ವರ್ಷ ಸಹಿಸಿದ ಪ್ಯೂಬ್ಲೊಗಳು 1680ರಲ್ಲಿ ಪೊಪೇ ಅನ್ನುವವನ ಮುಂದಾಳುತನದಲ್ಲಿ ಒಟ್ಟಿಗೆ ಎದ್ದು ಸ್ಪೇನಿನವರನ್ನು ಓಡಿಸಿದವು. ಹನ್ನೆರಡು ವರ್ಷ ಅಲ್ಲಿ ಸ್ಪೇನಿನ ಆಳ್ವಿಕೆ ಇರಲಿಲ್ಲ. ಆ ನಡುವೆ, 1689ರಲ್ಲಿ, ಸ್ಪೇನಿನ ಒಂದು ದಂಡು ಬಂದು ಸುಟ್ಟು ಹಾಕಿದ ಊರು ಯಾವುದು ಗೊತ್ತೇ? ಜಿಯಾ. ಸುಮಾರು 600 ಜನ ಸತ್ತರು. ಕೊಂದವರ ಬಣ್ಣದ ಬಟ್ಟೆಯ ಮೇಲೆ ಸತ್ತವರ ಸೂರ್ಯ. ಇದನ್ನು ಸ್ನೇಹದ ಗುರುತು ಅಂತ ಹೇಳುವ ಅಧಿಕಾರ ಯಾರಿಗಿದೆ? ಕೊಂದವರ ಕಡೆಯವರಿಗಂತೂ ಇಲ್ಲ.

ಮಗಳು: ಈ ಮಾತಿಗೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ಆದರೆ ನೀವು ಅಲ್ಲಿಗೇ ನಿಲ್ಲಿಸಬಾರದು, ದೊಡ್ಡಪ್ಪ. 1692ರಲ್ಲಿ ಸ್ಪೇನಿನವರು ಮತ್ತೆ ಬಂದಾಗ ಜಿಯಾದವರು ಅವರ ಜೊತೆ ಒಪ್ಪಂದ ಮಾಡಿಕೊಂಡರು. 1696ರಲ್ಲಿ ಇತರ ಕೆಲವು ಪ್ಯೂಬ್ಲೊಗಳು ಇನ್ನೊಮ್ಮೆ ದಂಗೆ ಎದ್ದಾಗ ಜಿಯಾ ಸ್ಪೇನಿನ ಕಡೆಗೇ ನಿಂತಿತು. ಸುಟ್ಟುಹೋದ ಊರನ್ನು ಮತ್ತೆ ಕಟ್ಟಿಕೊಳ್ಳಬೇಕಾದವರ ತೀರ್ಮಾನ ಅದು. ಸರಿ ತಪ್ಪು ಅನ್ನಲು ನಾನು ಯಾರು? ಆ ಊರಿನ ಚರ್ಚು ಇವತ್ತಿಗೂ ಇದೆ, ಅಲ್ಲಿ ಹಬ್ಬದ ದಿನ ಪ್ಯೂಬ್ಲೊದ ಕುಣಿತವೂ ಇದೆ. ಅಲ್ಲಿಯ ಜನರಲ್ಲಿ ಎಷ್ಟೋ ಮಂದಿಗೆ ಸ್ಪ್ಯಾನಿಷ್ ಅಡ್ಡಹೆಸರುಗಳೇ ಇವೆ. ಕೊಂದವರು, ಸತ್ತವರು ಅಂತ ಎರಡು ಸಾಲಾಗಿ ನಿಲ್ಲಿಸಿದರೆ ಅಲ್ಲಿ ನಾನೂರು ವರ್ಷ ಬಾಳಿದವರ ಬಾಳು ಬಿಟ್ಟೇಹೋಗುತ್ತದೆ.

ದೊಡ್ಡಪ್ಪ: ಒಪ್ಪುತ್ತೇನೆ. ಸ್ಪೇನಿನವರ ಮೊಮ್ಮಕ್ಕಳಿಗೂ ಆಮೇಲೆ ಅವಮಾನ ಕಾದಿತ್ತು, ಅದೂ ಚರಿತ್ರೆಯೇ. 1821ರಲ್ಲಿ ಆ ಸೀಮೆ ಮೆಕ್ಸಿಕೊಗೆ ಸೇರಿತು. 1846ರಲ್ಲಿ ಅಮೆರಿಕದ ಸೈನ್ಯ ಸಾಂಟಾ ಫೆ ಹಿಡಿಯಿತು, 1848ರ ಒಪ್ಪಂದದಲ್ಲಿ ನೆಲ ಬರೆಸಿಕೊಂಡಿತು. 1850ರಲ್ಲಿ ಅದು ಕೇಂದ್ರಾಡಳಿತದ ಪ್ರಾಂತ್ಯ. ರಾಜ್ಯವಾಗಿದ್ದು 1912ರ ಜನವರಿ 6ರಂದು, 47ನೆಯದಾಗಿ. 62 ವರ್ಷ ಬಾಗಿಲಲ್ಲಿ ನಿಲ್ಲಿಸಿದರು. ಯಾಕೆ? ಜನ ಸ್ಪ್ಯಾನಿಷ್ ಆಡುತ್ತಿದ್ದರು, ಕ್ಯಾಥೋಲಿಕರಾಗಿದ್ದರು. ಇಂಡಿಯಾನಾದ ಸೆನೆಟರ್ ಬೆವರಿಜ್ 1902ರಲ್ಲಿ ಸಮಿತಿ ಕಟ್ಟಿಕೊಂಡು ಹೋಗಿ, ಕೋರ್ಟಿನಲ್ಲಿ, ಶಾಲೆಯಲ್ಲಿ ಸ್ಪ್ಯಾನಿಷ್ ಕೇಳಿ ಬಂದು, ಇವರು ರಾಜ್ಯಕ್ಕೆ ತಕ್ಕವರಲ್ಲ ಅಂದ. ನಮ್ಮ ರಾಜ್ಯ ಹುಟ್ಟಿದ್ದೇ ಭಾಷೆಯಿಂದ. ಅವರ ರಾಜ್ಯಕ್ಕೆ ಭಾಷೆಯೇ ಅಡ್ಡ ಬಂತು.

ಮಗಳು: ಹಾಗೆ ಅಡ್ಡ ಬಂದರೂ ಅವರು ಭಾಷೆ ಬಿಡಲಿಲ್ಲ, ದೊಡ್ಡಪ್ಪ! ಅವರ ಸಂವಿಧಾನದಲ್ಲಿ ಇಂಗ್ಲಿಷ್ ಬಾರದವರ ಓಟಿನ ಹಕ್ಕಿಗೂ, ಸ್ಪ್ಯಾನಿಷ್ ಆಡುವ ಮಕ್ಕಳ ಶಿಕ್ಷಣಕ್ಕೂ ಕಾವಲು ಹಾಕಿಕೊಂಡರು. ರಾಜ್ಯದ ಅಧಿಕೃತ ಹಾಡು ಇಂಗ್ಲಿಷಿನಲ್ಲಿ ಒಂದು, ಸ್ಪ್ಯಾನಿಷಿನಲ್ಲಿ ಒಂದು.

ದೊಡ್ಡಪ್ಪ: ಕಾವಲು ಸ್ಪ್ಯಾನಿಷಿಗೆ ಸಿಕ್ಕಿತು. ಅದೇ ಸಂವಿಧಾನವೇ ಕಣಮ್ಮ, ಮೂಲನಿವಾಸಿಗೆ ಓಟು ಬೇಡ ಅಂದದ್ದು. ರಾಜ್ಯದ ಮುದ್ರೆ ನೋಡು. ದೊಡ್ಡ ಅಮೆರಿಕನ್ ಹದ್ದು ರೆಕ್ಕೆ ಹರಡಿ ನಿಂತಿದೆ, ಅದರ ರೆಕ್ಕೆಯ ಕೆಳಗೆ ಹಾವು ಕಚ್ಚಿಕೊಂಡ ಸಣ್ಣ ಮೆಕ್ಸಿಕನ್ ಹದ್ದು. ಅಲ್ಲಿ ಇಬ್ಬರಿಗೆ ಜಾಗ. ಮೂರನೆಯವರು, ಎಲ್ಲರಿಗಿಂತ ಮೊದಲು ಇದ್ದವರು, ಮುದ್ರೆಯಲ್ಲಿಲ್ಲ. ಬಾವುಟಕ್ಕೆ ಮಾತ್ರ ಬೇಕಾದರು. ನನ್ನ ಆಕ್ಷೇಪ ಇರುವುದು ಇದಕ್ಕೆ. ಅಧಿಕಾರದ ಕಾಗದಕ್ಕೆ ಒತ್ತುವ ಮುದ್ರೆಯಿಂದ ಹೊರಗಿಟ್ಟು ಅಲಂಕಾರಕ್ಕೆ ಕರೆದರು.

ಮಗಳು: ಮುದ್ರೆಯನ್ನು ಯಾರು ನೋಡುತ್ತಾರೆ? ಜನ ಎದೆಯ ಮೇಲೆ ಹಾಕಿಕೊಳ್ಳುವುದು ಬಾವುಟವನ್ನು. ಬೇಕರಿಯ ಬೋರ್ಡಿನಲ್ಲಿ, ಕಾರಿನ ನಂಬರ್ ಪ್ಲೇಟಿನಲ್ಲಿ, ಹಚ್ಚೆಯಾಗಿ ಹುಡುಗರ ತೋಳಿನಲ್ಲಿ, ಎಲ್ಲ ಕಡೆ ಅದೇ ಸೂರ್ಯ. ನನ್ನ ಪ್ರಶ್ನೆ ಬೇರೆ. ಹೀಗೆ ನೂರು ವರ್ಷ ಲಕ್ಷಾಂತರ ಜನ ಪ್ರೀತಿಯಿಂದ ಹೊತ್ತ ಮೇಲೆ ಒಂದು ಚಿಹ್ನೆ ಅವರದೂ ಆಗುವುದಿಲ್ಲವೇ? ಮೆಣಸಿನಕಾಯಿ ನೋಡಿ. ಅಲ್ಲಿ ಅದು ರಾಜ್ಯದ ಅಧಿಕೃತ ತರಕಾರಿ. ಹೋಟೆಲಿನಲ್ಲಿ ಕೂತರೆ ಮೊದಲು ಕೇಳುವುದು, ಕೆಂಪೋ ಹಸಿರೋ ಅಂತ. ಆ ಪ್ರಶ್ನೆಯನ್ನೇ ಶಾಸನಸಭೆ ರಾಜ್ಯದ ಅಧಿಕೃತ ಪ್ರಶ್ನೆ ಮಾಡಿದೆ. ಎರಡೂ ಬೇಕಾದರೆ ಕ್ರಿಸ್‌ಮಸ್ ಅನ್ನಬೇಕು. ಆಗಸ್ಟ್ ಸೆಪ್ಟೆಂಬರಿನಲ್ಲಿ ಅಂಗಡಿಗಳ ಮುಂದೆ ಕಬ್ಬಿಣದ ಬಲೆಯ ಪೀಪಾಯಿಗೆ ಹಸಿರು ಮೆಣಸಿನಕಾಯಿ ತುಂಬಿ, ಗ್ಯಾಸಿನ ಉರಿಯ ಮೇಲೆ ತಿರುಗಿಸಿ ಸುಡುತ್ತಾರೆ. ಊರೆಲ್ಲ ಘಮ್ಮೆನ್ನುತ್ತದೆ. ಒಂದು ಶಾಲೆಯ ಐದನೇ ತರಗತಿಯ ಮಕ್ಕಳು ಕೇಳಿಕೊಂಡು, 2023ರಲ್ಲಿ ಆ ವಾಸನೆಯೇ ರಾಜ್ಯದ ಅಧಿಕೃತ ಪರಿಮಳ ಆಯಿತು. ಅಮೆರಿಕದಲ್ಲಿ ಬೇರೆ ಯಾವ ರಾಜ್ಯಕ್ಕೂ ಅದಕ್ಕೆ ಮುಂಚೆ ಪರಿಮಳ ಇರಲಿಲ್ಲ. ಈಗ ಹೇಳಿ. ಆ ಮೆಣಸಿನಕಾಯಿ ಯಾರದು? ಮೆಕ್ಸಿಕೊದ ಮೂಲನಿವಾಸಿಗಳು ಬೆಳೆಸಿದ್ದು, ಸ್ಪೇನಿನವರು ಉತ್ತರಕ್ಕೆ ತಂದದ್ದು. ಮೆಕ್ಸಿಕೊದಲ್ಲಿ ಹುಟ್ಟಿದ ಫಾಬಿಯಾನ್ ಗಾರ್ಸಿಯಾ ಅನ್ನುವ ವಿಜ್ಞಾನಿ ಅಲ್ಲಿಯ ಕೃಷಿ ಕಾಲೇಜಿನಲ್ಲಿ ತಳಿ ಮಾಡಿ 1921ರಲ್ಲಿ ಬಿಡುಗಡೆ ಮಾಡಿದ್ದು. ಅದೇ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೂ ಬಂತು. ಬ್ಯಾಡಗಿ ಮೆಣಸಿನಕಾಯಿ ನಮ್ಮದಲ್ಲ ಅಂತೀರಾ?

ದೊಡ್ಡಪ್ಪ: ನಮ್ಮದೇ. ಬ್ಯಾಡಗಿಗೆ ಭೌಗೋಳಿಕ ಗುರುತಿನ ಪಟ್ಟವೂ ಇದೆ. ಬೇರೆ ಊರಿನ ಕಾಯಿಗೆ ಆ ಹೆಸರು ಅಂಟಿಸಿ ಮಾರಿದರೆ ತಪ್ಪು ಅಂತ 1999ರ ಕಾಯಿದೆ ಹೇಳುತ್ತದೆ. ಚನ್ನಪಟ್ಟಣದ ಗೊಂಬೆಗೂ ಅದೇ ರಕ್ಷಣೆ. ಬೀಜ ಕೊಟ್ಟರೆ ಕೊಟ್ಟವನ ಹೊಲ ಬರಿದಾಗುವುದಿಲ್ಲ, ಇಬ್ಬರೂ ಬೆಳೆಯಬಹುದು. ಪೂಜೆಯ ಚಿಹ್ನೆ ಹಾಗಲ್ಲ. ಅದನ್ನು ಎಲ್ಲಿ ಬರೆಯಬೇಕು, ಎಲ್ಲಿ ಬರೆಯಬಾರದು ಅನ್ನುವುದರಲ್ಲೇ ಅದರ ಪಾವಿತ್ರ್ಯ ಇದೆ. ಗೊಬ್ಬರದ ಚೀಲದ ಮೇಲೂ, ಜಾತ್ರೆಗೆ ತಂದಿಡುವ ಪಾಯಿಖಾನೆ ಡಬ್ಬದ ಮೇಲೂ ಆ ಸೂರ್ಯ ಬಂತಂತೆ. ನಮ್ಮೂರ ದೇವರ ಗುರುತನ್ನು ಅಲ್ಲಿ ಬರೆದಿದ್ದರೆ ನೀನು ಸುಮ್ಮನಿರುತ್ತಿದ್ದೆಯಾ?

ಮಗಳು: ಇಲ್ಲ, ಇರುತ್ತಿರಲಿಲ್ಲ.

ದೊಡ್ಡಪ್ಪ: ಜಿಯಾದವರೂ ಸುಮ್ಮನಿರಲಿಲ್ಲ. 1990ರ ದಶಕದಲ್ಲಿ ರಾಜ್ಯದಿಂದ ಪರಿಹಾರ ಕೇಳಿದರು. ಮೋಟಾರ್‌ಸೈಕಲ್ ಪ್ರವಾಸದ ಕಂಪನಿಯೊಂದು ಆ ಸೂರ್ಯನನ್ನು ತನ್ನ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೋದಾಗ ತಕರಾರು ಹಾಕಿದರು, ಕಂಪನಿ ಅರ್ಜಿ ಹಿಂತೆಗೆದುಕೊಂಡಿತು. ಆದರೆ ಕಾನೂನು ಹೇಗಿದೆ ನೋಡು. ದೇಶದ, ರಾಜ್ಯದ ಲಾಂಛನವನ್ನು ಯಾರೂ ಟ್ರೇಡ್‌ಮಾರ್ಕ್ ಮಾಡಿಕೊಳ್ಳುವಂತಿಲ್ಲ. ಬುಡಕಟ್ಟಿನ ಲಾಂಛನಕ್ಕೆ ಅಂಥ ನೇರ ತಡೆ ಇಲ್ಲ. 2001ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿ ಬುಡಕಟ್ಟುಗಳ ಲಾಂಛನಗಳದ್ದೊಂದು ದಾಖಲೆ ತೆರೆಯಿತು, ಅಧಿಕಾರಿಗಳು ಅರ್ಜಿ ಪರೀಕ್ಷಿಸುವಾಗ ನೋಡಲಿ ಅಂತ. ನೋಡಬಹುದು, ಅಷ್ಟೇ. ಕೃತಿಸ್ವಾಮ್ಯ ಕೇಳೋಣ ಎಂದರೆ ಮಡಕೆ ಹಳೆಯದು, ಬರೆದ ಕೈ ಯಾರದೋ ತಿಳಿಯದು.

ಮಗಳು: ಕಾನೂನು ಇಲ್ಲದ ಕಡೆ ಜನ ತಾವಾಗಿ ಸರಿ ನಡೆದ ಉದಾಹರಣೆಗಳೂ ಇವೆಯಲ್ಲ. 2000ದಲ್ಲಿ ಸೌತ್‌ವೆಸ್ಟ್ ವಿಮಾನ ಕಂಪನಿ ಒಂದು ವಿಮಾನಕ್ಕೆ ಈ ಬಾವುಟದ ಬಣ್ಣ ಬಳಿಯುವ ಮುಂಚೆ ಜಿಯಾಗೆ ಹೋಗಿ ಅನುಮತಿ ಕೇಳಿತು, ಅಲ್ಲಿಯ ಮಕ್ಕಳ ವಿದ್ಯಾರ್ಥಿವೇತನಕ್ಕೆ ಹಣ ಕೊಟ್ಟಿತು. ಊರಿನವರು ಒಪ್ಪಿದರು. ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರ 1962ರಿಂದ ತನ್ನ ಬಾವುಟದಲ್ಲಿ ಇದೇ ಸೂರ್ಯನನ್ನು ಇಟ್ಟುಕೊಂಡಿತ್ತು. ಅದು ನಮ್ಮದಲ್ಲ ಎಂದು ತಿಳಿದು 2018ರಲ್ಲಿ ತೆಗೆದುಹಾಕಿತು.

ದೊಡ್ಡಪ್ಪ: ಮ್ಯಾಡಿಸನ್ ತೆಗೆಯಿತು. ನ್ಯೂ ಮೆಕ್ಸಿಕೊ?

ಮಗಳು: ತೆಗೆಯಬೇಕು ಅಂತೀರಾ? ಒನ್ಯಾತೆಯ ಪ್ರತಿಮೆಯನ್ನು 2020ರಲ್ಲಿ ಪೀಠದಿಂದ ಇಳಿಸಿದರು, ಅದು ನನಗೆ ಅರ್ಥವಾಗುತ್ತದೆ. ಪಾದ ಕತ್ತರಿಸಿದವನಿಗೆ ಪ್ರತಿಮೆ ಬೇಡ. ಆದರೆ ಈ ಸೂರ್ಯನನ್ನು ಇಳಿಸಿದರೆ ಮತ್ತೆ ನೀಲಿ ಬಟ್ಟೆ, ಎರಡು ಹದ್ದು. ಆಗ ಮೂಲನಿವಾಸಿಗಳು ಬಾವುಟದಲ್ಲೂ ಇಲ್ಲ, ಮುದ್ರೆಯಲ್ಲೂ ಇಲ್ಲ. ಅದು ನಿಮಗೆ ಬೇಕಾದ ನ್ಯಾಯವೇ?

ದೊಡ್ಡಪ್ಪ: ಅಲ್ಲ. ನಾನು ತೆಗೆಯಿರಿ ಎನ್ನುತ್ತಿಲ್ಲ. ಕೇಳದೆ ತೆಗೆದುಕೊಂಡದ್ದನ್ನು ಈಗಲಾದರೂ ಕಾನೂನಿನಲ್ಲಿ ಒಪ್ಪಿಕೊಳ್ಳಬೇಕು, ವ್ಯಾಪಾರಕ್ಕೆ ಬಳಸುವವರಿಂದ ಆ ಊರಿಗೆ ಪಾಲು ಬರಬೇಕು ಎನ್ನುತ್ತೇನೆ. ಕೇಳದೆ ಮಾಡುವುದು ಆ ನೆಲದಲ್ಲಿ ಒಂದು ಸಲದ ಕಥೆಯಲ್ಲ. 1945ರ ಜುಲೈ 16ರ ಬೆಳಗಿನ ಜಾವ ಅಲ್ಲಿಯ ಮರಳುಗಾಡಿನಲ್ಲಿ ಜಗತ್ತಿನ ಮೊದಲ ಅಣುಬಾಂಬ್ ಪರೀಕ್ಷೆ ಮಾಡಿದರು. ಸುತ್ತಲಿನ ಹಳ್ಳಿಗಳಿಗೆ ಮುಂಚೆ ಒಂದು ಮಾತು ಹೇಳಲಿಲ್ಲ. ವಿಕಿರಣಕ್ಕೆ ಸಿಕ್ಕವರಿಗೆ ಪರಿಹಾರ ಕೊಡಲು 1990ರಲ್ಲಿ ಕಾನೂನು ಬಂದಾಗ ನೆವಾಡದ ಅಣುಪರೀಕ್ಷೆಗಳ ಗಾಳಿ ಬೀಸಿದ ದಿಕ್ಕಿನವರು ಸೇರಿದರು, ಈ ಹಳ್ಳಿಗಳವರು ಸೇರಲಿಲ್ಲ. ಸೇರಿದ್ದು 2025ರಲ್ಲಿ. ಎಂಬತ್ತು ವರ್ಷ!

ಮಗಳು: ಅದು ವಾಷಿಂಗ್ಟನ್ ಮಾಡಿದ್ದು, ರಾಜ್ಯವಲ್ಲ. ಬಾವುಟದ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ. ಪಾಲಿನ ಮಾತಿಗೆ ಬನ್ನಿ. ಪಾಲು ಅಂದಕೂಡಲೇ ದರ ನಿಗದಿಯಾಗುತ್ತದೆ. ದರ ಕಟ್ಟಿದವನಿಗೆ ಎಲ್ಲಿ ಬೇಕಾದರೂ ಬಳಿಯುವ ಹಕ್ಕು ಬರುತ್ತದೆ, ಪಾಯಿಖಾನೆಯ ಮೇಲೂ. ನೀವೇ ಹೇಳಿದ ಪಾವಿತ್ರ್ಯ ಆಗ ಎಲ್ಲಿ ಉಳಿಯಿತು? ಅನುಮತಿ ಕೇಳುವುದು, ಬೇಡ ಎಂದರೆ ಬಿಡುವುದು, ಇದು ಹಣಕ್ಕಿಂತ ಮೇಲಿನದು ಅಂತ ನನಗನ್ನಿಸುತ್ತದೆ.

ದೊಡ್ಡಪ್ಪ: ಕೇಳದವನನ್ನು ಏನು ಮಾಡುತ್ತೀ? ಕಾನೂನಿಲ್ಲದೆ ಅನುಮತಿ ಕೇಳುವುದು ಬರೀ ಸೌಜನ್ಯ. ವಿಮಾನದ ಕಂಪನಿ ಕೇಳಿತು. ಟೀ ಶರ್ಟ್ ಮಾರುವ ಅಂಗಡಿ ಕೇಳುತ್ತದೆಯೇ?

ಮಗಳು: ಟೀ ಶರ್ಟ್ ಅಂದಿರಿ... ನಾವು ನಾಲ್ಕಾರು ಕನ್ನಡ ಮನೆಯವರು ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುತ್ತೇವೆ. ಈ ವರ್ಷ ಅಂಗಿ ಮಾಡಿಸಲು ಹೊರಟಿದ್ದೇವೆ. ಎದೆಯ ಮೇಲೆ ಕರ್ನಾಟಕದ ನಕ್ಷೆ, ಅದರ ಹಿಂದೆ ಜಿಯಾ ಸೂರ್ಯ. ನಾವು ಈಗ ಆ ರಾಜ್ಯದವರೂ ಹೌದು ಅಂತ ತೋರಿಸುವ ಆಸೆ ನಮಗೆ.

ದೊಡ್ಡಪ್ಪ: ಆಸೆ ಒಳ್ಳೆಯದೇ. ಅಂಗಿ ಮಾರುತ್ತೀರಾ?

ಮಗಳು: ಖರ್ಚಿನ ಮಟ್ಟಿಗೆ.

ದೊಡ್ಡಪ್ಪ: ಹಾಗಾದರೆ ಅಚ್ಚಿಗೆ ಕೊಡುವ ಮುಂಚೆ ಜಿಯಾದ ಆಡಳಿತಕ್ಕೆ ಒಂದು ಪತ್ರ ಬರೆಯಿರಿ. ನಾವು ಹೊರಗಿನಿಂದ ಬಂದವರು, ಹೀಗೆ ಹೀಗೆ ಬಳಸಬೇಕೆಂದಿದ್ದೇವೆ, ಆಗಬಹುದೇ ಅಂತ.

ಮಗಳು: ಬರೆಯುತ್ತೇವೆ. ಉತ್ತರ ಬಾರದಿದ್ದರೆ?

ದೊಡ್ಡಪ್ಪ: ಬಾರದಿದ್ದರೆ ಒಪ್ಪಿಗೆ ಸಿಕ್ಕಿಲ್ಲ ಅಂತಲೇ ತಿಳಿಯಬೇಕು. ನಕ್ಷೆ ಮಾತ್ರ ಅಚ್ಚು ಹಾಕಿಸಿ.

ಮಗಳು: ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ, ದೊಡ್ಡಪ್ಪ. ನಾನು ತೆರಿಗೆ ಕಟ್ಟುವ, ನನ್ನ ಮಕ್ಕಳು ಶಾಲೆಯಲ್ಲಿ ಕೈ ಎತ್ತಿ ವಂದಿಸುವ ರಾಜ್ಯದ ಬಾವುಟ ಅದು. ಮಾರುವವರು ಕೇಳಬೇಕು, ಸರಿ. ಬಾವುಟ ಹಿಡಿದ ಮಗುವೂ ಕೇಳಬೇಕು ಎಂದರೆ ಅದು ಬಾವುಟವೇ ಅಲ್ಲ.

ದೊಡ್ಡಪ್ಪ: ಮಗು ಕೇಳಬೇಕಾಗಿಲ್ಲ. ಸರ್ಕಾರ ಕೇಳಬೇಕಿತ್ತು, ಕೇಳಲಿಲ್ಲ. ಮಗುವಿಗೂ ಅಂಗಡಿಗೂ ನಡುವೆ ಗೆರೆ ಎಲ್ಲಿ ಅಂತ ಹೇಳುವ ಮೊದಲ ಹಕ್ಕು ಜಿಯಾದವರದು.

ಮಗಳು: ಆ ಗೆರೆಗೆ ಬಲ ಕೊಡಬೇಕಾದದ್ದು ಸಾಂಟಾ ಫೆಯ ಶಾಸನಸಭೆ. 1925ರಲ್ಲಿ ಬಾವುಟಕ್ಕೆ ಕಾನೂನು ಮಾಡಿದ ಸಭೆಯೇ, ಜಿಯಾದವರನ್ನು ಕೂರಿಸಿಕೊಂಡು, ಬಾವುಟದ ಸೂರ್ಯನನ್ನು ವ್ಯಾಪಾರಕ್ಕೆ ಬಳಸುವುದರ ಬಗ್ಗೆ ಇನ್ನೊಂದು ಕಾನೂನು ಮಾಡಬೇಕು. ಒಂದು ಪತ್ರ ಜಿಯಾಗೆ ಬರೆಯುತ್ತೇನೆ. ಇನ್ನೊಂದನ್ನು ನಮ್ಮ ಕ್ಷೇತ್ರದ ಶಾಸಕರಿಗೆ.